ಸ್ಪೀಡ್ ಟೆಸ್ಟ್ ಚೆನ್ನಾಗೇ ಬರುತ್ತದೆ, ಕಾಲ್ ಮಾತ್ರ ತುಂಡು ತುಂಡು. ಯಾಕೆ?

ಅರ್ಧಮಾತು:
ನಮ್ಮ ಮನೆಗೆ ಇನ್ನೂ ಹಳೇ ತಾಮ್ರದ ತಂತಿಯಲ್ಲೇ ಇಂಟರ್ನೆಟ್ ಬರುತ್ತದೆ. ಡಿಎಸ್‌ಎಲ್. ಡೌನ್‌ಲೋಡ್ 4 ಎಂಬಿಪಿಎಸ್, ಅಪ್‌ಲೋಡ್ 512 ಕೆಬಿಪಿಎಸ್ ಆಸುಪಾಸು. ಫೈಬರ್ ಸದ್ಯಕ್ಕೆ ಬರುವ ಹಾಗಿಲ್ಲ. ಮೊಬೈಲ್ ಸಿಗ್ನಲ್ ಮನೆಯೊಳಗೆ ಇದ್ದೂ ಇಲ್ಲದ ಹಾಗೆ. ಹಾಗಾಗಿ "ಬೇರೆ ಕನೆಕ್ಷನ್ ತಗೊಳ್ಳಿ" ಅನ್ನುವ ಸಲಹೆ ದಯವಿಟ್ಟು ಬೇಡ.

ಕಾಲ್ ಮಾಡುವುದು ಎರಡು ಥರ. ರೂಟರ್‌ಗೆ ಸಿಕ್ಕಿಸಿದ ಒಂದು ಅಡಾಪ್ಟರ್ ಇದೆ, ಅದಕ್ಕೆ ಮಾಮೂಲಿ ಲ್ಯಾಂಡ್‌ಲೈನ್ ಸೆಟ್. ಇನ್ನೊಂದು ವೈಫೈನಲ್ಲಿ ವಾಟ್ಸಾಪ್. ಎರಡರಲ್ಲೂ ಒಂದೇ ರೋಗ. ಆ ಕಡೆಯವರ ಮಾತು ನನಗೆ ಚೆನ್ನಾಗಿ ಕೇಳುತ್ತದೆ, ನನ್ನ ಮಾತು ಅವರಿಗೆ ಅರ್ಧರ್ಧ. ಕೆಲವು ಸಲ ಪೂರ್ತಿ ಕಾಲ್ ಸರಿಯಾಗಿರುತ್ತದೆ. ಕೆಲವು ಸಲ ಮಾತಿನ ಮಧ್ಯೆ ಇದ್ದಕ್ಕಿದ್ದಂತೆ ಹದಗೆಡುತ್ತದೆ, ಸ್ವಲ್ಪ ಹೊತ್ತಿಗೆ ತಾನಾಗೇ ಸರಿಹೋಗುತ್ತದೆ. ಕಂಪನಿಯವರನ್ನು ಕೇಳಿದರೆ ಸ್ಪೀಡ್ ಟೆಸ್ಟ್ ಮಾಡಿಸುತ್ತಾರೆ, ಅದು ಸರಿ ಬಂತು ಅಂದ ಕೂಡಲೇ "ನಮ್ಮ ಕಡೆ ತೊಂದರೆ ಇಲ್ಲ" ಅಂತ ಮುಗಿಸುತ್ತಾರೆ. ಒಂದು ಕಾಲ್‌ಗೆ ನಿಜವಾಗಿ ಎಷ್ಟು ಸ್ಪೀಡ್ ಬೇಕು? ಗೊತ್ತಿರುವವರು ಹೇಳಿ.

ಬೇಗಹೇಳು:
512 ಅಪ್‌ಲೋಡ್‌ನಲ್ಲಿ ಏನೂ ಆಗಲ್ಲ ಗುರು. ಮೇಲಿನ ಪ್ಲಾನ್‌ಗೆ ಹೋಗಿ, ಕಥೆ ಮುಗಿಯಿತು.

ಹಳೇತಂತಿ:
ಏನೂ ಆಗಲ್ಲ ಅಂದರೆ ಹೇಗೆ? ಲೆಕ್ಕ ಹಾಕಿ ನೋಡೋಣ.

ಅಡಾಪ್ಟರ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಜಿ.711 ಅನ್ನುವ ಕೋಡೆಕ್, ಅಂದರೆ ಮಾತನ್ನು ಡಿಜಿಟಲ್ ಅಂಕಿಯಾಗಿಸುವ ವಿಧಾನ. ಲ್ಯಾಂಡ್‌ಲೈನ್ ಕಾಲದ್ದು, ಒತ್ತಿ ಕುಗ್ಗಿಸುವ ಕಸರತ್ತು ಜಾಸ್ತಿ ಇಲ್ಲ. ಮಾತಿಗೆ 64 ಕೆಬಿಪಿಎಸ್ ತಗೊಳ್ಳುತ್ತದೆ. ಆದರೆ ಮಾತು ಸುಮ್ನೆ ಹೋಗುವುದಿಲ್ಲ, 20 ಮಿಲಿಸೆಕೆಂಡಿಗೊಂದು ಪೊಟ್ಟಣವಾಗಿ ಹೋಗುತ್ತದೆ. ಸೆಕೆಂಡಿಗೆ 50 ಪ್ಯಾಕೆಟ್. ಒಂದೊಂದರಲ್ಲಿ 160 ಬೈಟ್ ಮಾತು, ಅದರ ಮೇಲೆ 40 ಬೈಟ್ ವಿಳಾಸ, ಸಂಖ್ಯೆ, ಸಮಯ ಇತ್ಯಾದಿ, ಇದಕ್ಕೆ ಹೆಡರ್ ಅನ್ನುತ್ತಾರೆ. ಒಟ್ಟು 80 ಕೆಬಿಪಿಎಸ್ ಆಯಿತು. ಇನ್ನು ಹಳೇ ಡಿಎಸ್‌ಎಲ್ ಒಳಗೆ ಎಲ್ಲವೂ 53 ಬೈಟಿನ ಚಿಕ್ಕ ಸೆಲ್‌ಗಳಾಗಿ ಹೋಗುತ್ತದೆ, ಅದರಲ್ಲಿ ಸಾಮಾನು 48 ಬೈಟ್ ಮಾತ್ರ, ಕೊನೆಯ ಸೆಲ್ ತುಂಬದಿದ್ದರೂ ಪೂರ್ತಿ ಸೆಲ್ಲೇ ಹೋಗಬೇಕು. ಅಲ್ಲಿಗೆ ತಂತಿಯ ಮೇಲೆ 106 ಕೆಬಿಪಿಎಸ್ ಹತ್ತಿರ ಬರುತ್ತದೆ.

106 ಎಲ್ಲಿ, 512 ಎಲ್ಲಿ! ಬೇರೆ ಯಾರೂ ಬಳಸದಿದ್ದರೆ ಈ ಲೈನಿನಲ್ಲಿ ನಾಲ್ಕು ಕಾಲ್ ಒಟ್ಟಿಗೆ ಮಾಡಬಹುದು. ಅರ್ಧಮಾತು ಅವರೇ, ನಿಮ್ಮ ಕಾಲ್ ಹದಗೆಡುವ ಹೊತ್ತಿನಲ್ಲಿ ಮನೆಯಲ್ಲಿ ಇನ್ಯಾರು ಇಂಟರ್ನೆಟ್ ಬಳಸುತ್ತಿರುತ್ತಾರೆ?

ಅರ್ಧಮಾತು:
ಯಾರೂ ಏನೂ ನೋಡುತ್ತಿರುವುದಿಲ್ಲ. ನಾನು ಕಾಲ್‌ನಲ್ಲಿದ್ದಾಗ ವಿಡಿಯೋ ಹಾಕಬೇಡಿ ಅಂತ ಮೊದಲೇ ಹೇಳಿರುತ್ತೇನೆ.

ಹಳೇತಂತಿ:
ವಿಡಿಯೋ ನೋಡುವುದು ಡೌನ್‌ಲೋಡ್. ನಿಮ್ಮ ಮಾತು ಆ ಕಡೆಗೆ ಹೋಗುವುದು ಅಪ್‌ಲೋಡ್‌ನಲ್ಲಿ. ಅಪ್‌ಲೋಡ್ ತಿನ್ನುವವರು ಬೇರೆಯೇ ಇರುತ್ತಾರೆ, ಮತ್ತು ಅವರು ಯಾರೂ ಕಣ್ಣಿಗೆ ಕಾಣುವುದಿಲ್ಲ: ಮೊಬೈಲಿನ ಫೋಟೋ ಬ್ಯಾಕಪ್, ಲ್ಯಾಪ್‌ಟಾಪಿನ ಕ್ಲೌಡ್ ಫೋಲ್ಡರ್, ಮನೆ ಬಾಗಿಲಿನ ಕ್ಯಾಮೆರಾ.

ಒಂದು ಪರೀಕ್ಷೆ ಮಾಡಿ. ಕಂಪ್ಯೂಟರನ್ನು ಕೇಬಲ್‌ನಲ್ಲಿ ರೂಟರ್‌ಗೆ ಸಿಕ್ಕಿಸಿ. ಕಮಾಂಡ್ ಕಿಟಕಿಯಲ್ಲಿ 8.8.8.8ಕ್ಕೆ ಪಿಂಗ್ ಓಡಿಸಿ, ನಿಲ್ಲದೆ ಓಡುವ ಹಾಗೆ. ವಿಂಡೋಸ್ ಆದರೆ ಮೈನಸ್ ಟಿ (-t) ಸೇರಿಸಬೇಕು. ಒಂದು ಪ್ಯಾಕೆಟ್ ಹೋಗಿ ಬರಲು ಎಷ್ಟು ಮಿಲಿಸೆಕೆಂಡ್ ಆಯಿತು ಅಂತ ಪಿಂಗ್ ತೋರಿಸುತ್ತದೆ. ಮೊದಲು ಮನೆಯ ಎಲ್ಲ ಫೋನುಗಳ ವೈಫೈ ಆಫ್ ಮಾಡಿ ನೋಡಿ. ಆಮೇಲೆ ಎಲ್ಲ ಆನ್ ಮಾಡಿ, ಒಂದು ದೊಡ್ಡ ಫೈಲನ್ನು ಇಮೇಲ್‌ಗೋ ಡ್ರೈವ್‌ಗೋ ಏರಿಸುತ್ತಾ ನೋಡಿ. ಎರಡೂ ಸಲದ ಅಂಕಿ ಇಲ್ಲಿ ಹಾಕಿ.

ಅರ್ಧಮಾತು:
ಮಾಡಿದೆ. ಎಲ್ಲ ಆಫ್ ಇದ್ದಾಗ 38, 39, 38, 41, 38 ಹೀಗೆ. ಒಂದು ಪ್ಯಾಕೆಟ್ಟೂ ಬಿದ್ದಿಲ್ಲ. ಫೈಲ್ ಏರಿಸಲು ಶುರು ಮಾಡಿದ ಮೇಲೆ 38, 212, 690, 1340, 2105... ಹಾಗೇ ಏರುತ್ತಾ ಹೋಗಿ 2800 ಮಿಲಿಸೆಕೆಂಡ್ ಹತ್ತಿರ ಕೂತುಬಿಟ್ಟಿತು. ನಡುನಡುವೆ ಟೈಮ್ ಔಟ್. ಏರಿಸುವುದು ನಿಲ್ಲಿಸಿದೆ, ಕೆಲವೇ ಸೆಕೆಂಡಿನಲ್ಲಿ ಮತ್ತೆ 38. ಸುಮಾರು ಮೂರು ಸೆಕೆಂಡ್! ಇದೇನು ಮಾರಾಯ್ರೇ?

ಹಳೇತಂತಿ:
ಇದೇ ನಿಮ್ಮ ರೋಗ.

ಅಪ್‌ಲೋಡ್ ಮಾಡುವ ಕಂಪ್ಯೂಟರಿಗೆ ನಿಮ್ಮ ತಂತಿ ಎಷ್ಟು ಸಣ್ಣದು ಅಂತ ಗೊತ್ತಿಲ್ಲ. ಪ್ಯಾಕೆಟ್ ಬೀಳಲು ಶುರುವಾಗುವ ತನಕ ವೇಗ ಹೆಚ್ಚಿಸುತ್ತಾ ಹೋಗುವುದು ಟಿಸಿಪಿಯ, ಅಂದರೆ ಫೈಲ್ ಸಾಗಿಸುವ ನಿಯಮದ, ಸ್ವಭಾವ. ಪ್ಯಾಕೆಟ್ ಬಿದ್ದಾಗ ತಾನಾಗೇ ತಗ್ಗುತ್ತದೆ. ಆದರೆ ಮೋಡೆಮ್ ಮಾಡಿದವರು ಒಂದು ಪ್ಯಾಕೆಟ್ಟೂ ಬೀಳಬಾರದು ಅಂತ ಒಳಗೆ ದೊಡ್ಡ ಬಫರ್ (ಪ್ಯಾಕೆಟ್‌ಗಳು ಕಾಯುವ ಜಾಗ) ಇಟ್ಟಿರುತ್ತಾರೆ. 256 ಕಿಲೋಬೈಟ್ ಬಫರ್ ಇದೆ ಅಂದುಕೊಳ್ಳಿ. ಅದು ತುಂಬಿದರೆ 512 ಕೆಬಿಪಿಎಸ್ ತಂತಿಯಲ್ಲಿ ಖಾಲಿ ಆಗಲು ನಾಲ್ಕು ಸೆಕೆಂಡ್ ಬೇಕು. ನಿಮ್ಮ "ಹಲೋ" ಆ ಸಾಲಿನ ಕೊನೆಗೆ ಹೋಗಿ ನಿಲ್ಲುತ್ತದೆ. ಆ ಕಡೆಯ ಫೋನ್ ಅಷ್ಟು ಹೊತ್ತು ಕಾಯುವುದಿಲ್ಲ, ಅದರ ಪಾಲಿಗೆ ತಡವಾಗಿ ಬಂದ ಮಾತೂ ಒಂದೇ, ಬಾರದ ಮಾತೂ ಒಂದೇ.

ಇದಕ್ಕೆ ಬಫರ್‌ಬ್ಲೋಟ್ ಅನ್ನುತ್ತಾರೆ. ಜಿಮ್ ಗೆಟ್ಟಿಸ್ ಅನ್ನುವವರು 2010ರ ಸುಮಾರಿಗೆ ಇದರ ಬಗ್ಗೆ ಬರೆದು ಗಲಾಟೆ ಎಬ್ಬಿಸಿದರು. ಸ್ಪೀಡ್ ಟೆಸ್ಟ್ ನೋಡುವುದು ಎಷ್ಟು ಸಾಮಾನು ಸಾಗಿತು ಅಂತ. ಎಷ್ಟು ಕಾದು ಸಾಗಿತು ಅನ್ನುವುದು ಹಳೇ ಥರದ ಟೆಸ್ಟ್‌ಗಳಲ್ಲಿ ಬರುವುದೇ ಇಲ್ಲ. ಅದಕ್ಕೇ ನಿಮ್ಮ ಕಂಪನಿಯವರಿಗೆ ಎಲ್ಲ ಸರಿ ಕಾಣುತ್ತದೆ.

ರಾತ್ರಿಪಾಳಿ:
ಫಾಸ್ಟ್.ಕಾಮ್‌ನಲ್ಲಿ ಹೆಚ್ಚಿನ ಮಾಹಿತಿ ಒತ್ತಿದರೆ ಲೋಡ್ ಇಲ್ಲದಾಗ ಎಷ್ಟು ತಡ, ಲೋಡ್ ಇದ್ದಾಗ ಎಷ್ಟು ತಡ ಅಂತ ಎರಡೂ ತೋರಿಸುತ್ತದೆ. ಮ್ಯಾಕ್ ಇದ್ದವರಿಗೆ ಮಾಂಟೆರಿಯಿಂದ ಈಚೆಗೆ ಟರ್ಮಿನಲ್‌ನಲ್ಲಿ ನೆಟ್‌ವರ್ಕ್‌ಕ್ವಾಲಿಟಿ ಅನ್ನುವ ಕಮಾಂಡ್ ಇದೆ, ಅದೂ ಇದನ್ನೇ ಅಳೆಯುತ್ತದೆ.

ಬೇಗಹೇಳು:
ಅದೇ ನಾನು ಹೇಳಿದ್ದು ಅಲ್ವಾ? ಅಪ್‌ಲೋಡ್ ಜಾಸ್ತಿ ಇದ್ದರೆ ಸಾಲೇ ನಿಲ್ಲಲ್ಲ.

ಹಳೇತಂತಿ:
ನಿಲ್ಲುತ್ತದೆ. ಸಾಲು ಬೇಗ ಕರಗುತ್ತದೆ ಅಷ್ಟೇ. ಬ್ಯಾಕಪ್ ಅನ್ನುವುದು ಎಷ್ಟು ಕೊಟ್ಟರೂ ಅಷ್ಟನ್ನೂ ತಗೊಳ್ಳುತ್ತದೆ. 10 ಎಂಬಿಪಿಎಸ್ ಅಪ್‌ಲೋಡ್ ಇದ್ದವರ ಮನೆಯಲ್ಲೂ ಕಾಲ್ ಕೆಡುವುದನ್ನು ನೋಡಿದ್ದೇನೆ. ಅಲ್ಲದೆ ಅವರು ಬೇರೆ ಪ್ಲಾನ್ ಬೇಡ ಅಂತ ಮೊದಲೇ ಹೇಳಿದ್ದಾರೆ.

ಅರ್ಧಮಾತು:
ಮನೆಯವರ ಫೋನ್ ನೋಡಿದೆ. ಫೋಟೋ ಬ್ಯಾಕಪ್ ಆನ್. ವೈಫೈ ಸಿಕ್ಕ ಕೂಡಲೇ ಏರಿಸು ಅಂತ ಇದೆ. ಹೊರಗೆ ಹೋಗಿ ಬಂದು ಮನೆಯೊಳಗೆ ಕಾಲಿಟ್ಟರೆ ಸಾಕು, ಆ ದಿನದ ಫೋಟೋ ವಿಡಿಯೋ ಎಲ್ಲ ಹೊರಡುತ್ತದೆ. ನನ್ನ ಕಾಲ್ ಯಾವಾಗ ಯಾಕೆ ಕೆಡುತ್ತಿತ್ತು ಅಂತ ಈಗ ಗೊತ್ತಾಯಿತು. ಸರಿ, ಮಾಡುವುದೇನು? ಬ್ಯಾಕಪ್ ಆಫ್ ಮಾಡಿ ಅಂದರೆ ಮನೆಯಲ್ಲಿ ಒಪ್ಪುವುದಿಲ್ಲ.

ರಾತ್ರಿಪಾಳಿ:
ಆಫ್ ಮಾಡಬೇಕಿಲ್ಲ. ಚಾರ್ಜ್‌ಗೆ ಹಾಕಿದಾಗ ಮಾತ್ರ ಏರಿಸು ಅನ್ನುವ ಆಯ್ಕೆ ಕೆಲವು ಬ್ಯಾಕಪ್ ಆ್ಯಪ್‌ಗಳಲ್ಲಿ ಇದೆ, ಅದನ್ನು ಹಾಕಿದರೆ ರಾತ್ರಿ ಮಲಗಿದ ಮೇಲೆ ಹೋಗುತ್ತದೆ. ಲ್ಯಾಪ್‌ಟಾಪಿನ ಕ್ಲೌಡ್ ಫೋಲ್ಡರ್‌ಗಳಲ್ಲಿ ಅಪ್‌ಲೋಡ್ ವೇಗಕ್ಕೆ ಮಿತಿ ಹಾಕುವ ಸೆಟ್ಟಿಂಗ್ ಇರುತ್ತದೆ. ನಾನು ಮನೆಯಿಂದಲೇ ಕಾಲ್ ಸೆಂಟರ್ ಕೆಲಸ ಮಾಡುವುದು, ನನ್ನ ಲೈನ್ ನಿಮ್ಮದಕ್ಕಿಂತ ಸ್ವಲ್ಪ ಮೇಲು ಅಷ್ಟೇ. ಪಾಳಿ ಶುರುವಾಗುವ ಮೊದಲು ಇವೆರಡನ್ನೂ ನೋಡಿಕೊಂಡರೆ ಮುಕ್ಕಾಲು ಭಾಗ ತಲೆನೋವು ಹೋಗುತ್ತದೆ.

ಹಳೇತಂತಿ:
ಅದು ಉಪಶಮನ. ನಾಳೆ ಇನ್ನೊಂದು ಸಾಧನ ಮನೆಗೆ ಬಂದರೆ ಮತ್ತೆ ಅದೇ ಕಥೆ. ಪಕ್ಕಾ ಮದ್ದು ರೂಟರಿನಲ್ಲಿದೆ.

ಸಾಲು ಮೋಡೆಮ್ ಒಳಗೆ ನಿಲ್ಲಬಾರದು, ನಮ್ಮ ಕೈಯಲ್ಲಿರುವ ರೂಟರಿನಲ್ಲಿ ನಿಲ್ಲಬೇಕು. ಅದಕ್ಕೆ ರೂಟರಿಗೆ "ನಿನ್ನ ಅಪ್‌ಲೋಡ್ 440 ಮಾತ್ರ" ಅಂತ ಹೇಳಬೇಕು. ನಿಜವಾಗಿ 512 ಇದ್ದರೂ. ಹತ್ತು ಹದಿನೈದು ಶೇಕಡಾ ಕಳಕೊಳ್ಳುತ್ತೀರಿ, ಆದರೆ ಮೋಡೆಮಿನ ಬಫರ್ ಯಾವತ್ತೂ ತುಂಬುವುದಿಲ್ಲ. ಇನ್ನು ರೂಟರ್ ತನ್ನ ಸಾಲನ್ನು ಹೇಗೆ ನೋಡಿಕೊಳ್ಳುತ್ತದೆ ಅನ್ನುವುದು ಎರಡನೇ ಮಾತು. ಕೋಡೆಲ್ ಅನ್ನುವ ವಿಧಾನವನ್ನು ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ 2012ರಲ್ಲಿ ಕೊಟ್ಟರು. ಸಾಲು ಎಷ್ಟು ಉದ್ದ ಇದೆ ಅಂತ ನೋಡದೆ, ಪ್ಯಾಕೆಟ್ ಎಷ್ಟು ಹೊತ್ತು ಕಾದಿದೆ ಅಂತ ನೋಡುತ್ತದೆ. ಜಾಸ್ತಿ ಹೊತ್ತು ಕಾಯುವುದು ಮುಂದುವರಿದರೆ ಬೀಳಿಸಿ ಕಳಿಸುವವನಿಗೆ ಎಚ್ಚರ ಕೊಡುತ್ತದೆ. ಅದರ ಜೊತೆ ಪ್ರತಿಯೊಂದು ಹರಿವಿಗೂ ಬೇರೆ ಬೇರೆ ಸಾಲು ಮಾಡಿದ್ದು ಎಫ್‌ಕ್ಯೂ ಕೋಡೆಲ್. ಟಿಕೆಟ್ ಕೌಂಟರಿನಲ್ಲಿ ಒಬ್ಬ ನೂರು ಟಿಕೆಟ್ ಕೇಳುತ್ತಿದ್ದಾನೆ, ನಿಮಗೆ ಒಂದೇ ಬೇಕು, ಅವನಿಗೆ ಕೆಲವು ಕೊಟ್ಟು ನಿಮ್ಮದೊಂದು ಕೊಟ್ಟು ಮತ್ತೆ ಅವನ ಕಡೆ ತಿರುಗಿದ ಹಾಗೆ. ಇದರ ಮುಂದಿನ ರೂಪ ಕೇಕ್.

ಓಪನ್‌ಡಬ್ಲ್ಯುಆರ್‌ಟಿ (ರೂಟರಿಗೆ ಹಾಕುವ ಮುಕ್ತ ಸಾಫ್ಟ್‌ವೇರ್) ಹಾಕಲು ಬರುವ ರೂಟರ್ ಇದ್ದರೆ ಸಾಲು ನೋಡಿಕೊಳ್ಳುವ ಎಸ್‌ಕ್ಯೂಎಂ ಪ್ಯಾಕೇಜ್ ಹಾಕಿ, ಕೇಕ್ ಆಯ್ಕೆ ಮಾಡಿ, ಲಿಂಕ್ ಲೇಯರ್ ಅನ್ನುವ ಕಡೆ ಎಟಿಎಂ (ಆಗ ಹೇಳಿದ ಚಿಕ್ಕ ಸೆಲ್ ಪದ್ಧತಿಯ ಹೆಸರು) ಅಂತ ಕೊಡಿ. ಡಿಎಸ್‌ಎಲ್‌ನವರು ಅದನ್ನು ಬಿಟ್ಟರೆ 53 ಬೈಟಿನ ಸೆಲ್ ಲೆಕ್ಕ ತಪ್ಪುತ್ತದೆ, ಚಿಕ್ಕ ಪ್ಯಾಕೆಟ್ ಜಾಸ್ತಿ ಇದ್ದಾಗ, ಅಂದರೆ ಕಾಲ್ ನಡೆಯುವಾಗಲೇ, ಮಿತಿ ಮೀರುತ್ತದೆ. ವಿಡಿಎಸ್‌ಎಲ್ (ಹೊಸ, ವೇಗದ ಡಿಎಸ್‌ಎಲ್) ಆದರೆ ಎಟಿಎಂ ಬೇಡ.

ಹೊಸಹೆಜ್ಜೆ:
ಮಧ್ಯೆ ಬಂದೆ, ಕ್ಷಮಿಸಿ. ನಮ್ಮ ರೂಟರಿನಲ್ಲಿ ಕ್ಯೂಓಎಸ್ ಅಂತ ಒಂದು ಬಟನ್ ಇದೆ. ಆನ್ ಮಾಡಿ ವಾಯ್ಸ್‌ಗೆ ಮೊದಲ ಸ್ಥಾನ ಕೊಟ್ಟೆ. ಏನೂ ವ್ಯತ್ಯಾಸ ಕಾಣಲಿಲ್ಲ. ಅದು ಇದೇ ಅಲ್ವಾ?

ಹಳೇತಂತಿ:
ಪಕ್ಕದಲ್ಲಿ ಅಪ್‌ಲೋಡ್ ವೇಗ ತುಂಬುವ ಜಾಗ ಇದೆಯಾ ನೋಡಿ. ಅದನ್ನು ಖಾಲಿ ಬಿಟ್ಟರೆ ಅಥವಾ ತುಂಬ ದೊಡ್ಡ ಸಂಖ್ಯೆ ಕೊಟ್ಟರೆ ಸಾಲು ರೂಟರಿನಲ್ಲಿ ನಿಲ್ಲುವುದೇ ಇಲ್ಲ, ಮುಂದೆ ಮೋಡೆಮ್‌ನಲ್ಲಿ ನಿಲ್ಲುತ್ತದೆ. ಸಾಲೇ ಇಲ್ಲದ ಕಡೆ ಯಾರಿಗೆ ಮೊದಲ ಸ್ಥಾನ ಕೊಟ್ಟು ಏನು ಬಂತು? ಅಳೆದ ವೇಗಕ್ಕಿಂತ ಸ್ವಲ್ಪ ಕಡಿಮೆ ಹಾಕಿ, ಆಮೇಲೆ ಮತ್ತೆ ಪಿಂಗ್ ನೋಡಿ.

ಇಂಪುಕಿವಿ:
ಎಲ್ಲರೂ ರೂಟರಿನ ಹಿಂದೆಯೇ ಬಿದ್ದಿದ್ದೀರಿ. ಕೋಡೆಕ್ ಬದಲಿಸಿದರೆ ಅರ್ಧ ಕೆಲಸ ಆಗುತ್ತದೆ. ಅಡಾಪ್ಟರಿನ ಸೆಟ್ಟಿಂಗ್ ಪುಟದಲ್ಲಿ ಜಿ.729 ಅಂತ ಇರುತ್ತದೆ, ಅದಕ್ಕೆ ಮಾತಿಗೆ 8 ಕೆಬಿಪಿಎಸ್ ಸಾಕು. 64 ಎಲ್ಲಿ 8 ಎಲ್ಲಿ.

ಹಳೇತಂತಿ:
ಹೆಡರ್ ಲೆಕ್ಕ ಬಿಟ್ಟಿರಿ. 20 ಬೈಟ್ ಮಾತಿಗೆ 40 ಬೈಟ್ ಹೆಡರ್. ಮೂಗಿಗಿಂತ ಮೂಗುತಿ ಭಾರ. ಒಟ್ಟು 24 ಕೆಬಿಪಿಎಸ್, ಹಳೇ ಡಿಎಸ್‌ಎಲ್ ಮೇಲೆ ಸೆಟ್ಟಿಂಗ್ ನೋಡಿಕೊಂಡು 40ರಿಂದ 65ರ ತನಕ ಹೋಗುತ್ತದೆ. ಉಳಿತಾಯ ಇದೆ, ಆದರೆ ನೀವು ಹೇಳಿದಷ್ಟಲ್ಲ.

ಇಂಪುಕಿವಿ:
ಅದಕ್ಕೂ ದಾರಿ ಇದೆ. ಒಂದೊಂದು ಪ್ಯಾಕೆಟ್‌ನಲ್ಲಿ 20 ಬದಲು 40 ಮಿಲಿಸೆಕೆಂಡ್ ಮಾತು ತುಂಬಿ. ಸೆಕೆಂಡಿಗೆ 25 ಪ್ಯಾಕೆಟ್ ಆಗುತ್ತದೆ, 24 ಇದ್ದದ್ದು 16ಕ್ಕೆ ಇಳಿಯುತ್ತದೆ. ಕೆಲವು ಅಡಾಪ್ಟರ್‌ನಲ್ಲಿ ಈ ಆಯ್ಕೆ ಪಿಟೈಮ್ ಅನ್ನುವ ಹೆಸರಲ್ಲಿ ಇರುತ್ತದೆ. 20 ಮಿಲಿಸೆಕೆಂಡ್ ತಡ ಜಾಸ್ತಿ ಆಗುತ್ತದೆ, ಒಂದು ಪ್ಯಾಕೆಟ್ ಬಿದ್ದರೆ ಎರಡು ಪಟ್ಟು ಮಾತು ಹೋಗುತ್ತದೆ. ಅದು ನಿಜ.

ಆದರೆ ಆಯ್ಕೆ ಇದ್ದರೆ ಇವೆರಡನ್ನೂ ಬಿಟ್ಟು ಓಪಸ್ ಬಳಸಿ. 2012ರಲ್ಲಿ ಮುಕ್ತ ಮಾನದಂಡವಾಗಿ ಬಂತು. ಸ್ಕೈಪ್‌ನವರ ಸಿಲ್ಕ್ ಕೋಡೆಕ್ ಅದರ ಒಂದು ಅರ್ಧ, ಇನ್ನೊಂದು ಅರ್ಧ ಸೆಲ್ಟ್. ಮಾತಿಗೆ 6 ಕೆಬಿಪಿಎಸ್‌ನಿಂದ 510ರ ತನಕ ಎಲ್ಲಿ ಬೇಕಾದರೂ ಓಡುತ್ತದೆ, ಮಾತಾಡುತ್ತಿರುವಾಗಲೇ ಬದಲಿಸಿಕೊಳ್ಳುತ್ತದೆ. 24ರಲ್ಲಿ ಕೇಳಿ ನೋಡಿ, ಹಳೇ ಫೋನಿಗಿಂತ ಎಷ್ಟೋ ಚೆನ್ನ. ಹಳೇ ಫೋನ್ 300ರಿಂದ 3400 ಹರ್ಟ್ಸ್ ತನಕ ಮಾತ್ರ ದಾಟಿಸುತ್ತಿತ್ತು, ಅದಕ್ಕೇ ಫೋನಿನಲ್ಲಿ "ಸ" ಮತ್ತು "ಫ" ಗೊಂದಲ ಆಗುವುದು. ಇನ್ನೊಂದು ವಿಶೇಷ, ಒಂದು ಪ್ಯಾಕೆಟ್ ಬಿದ್ದರೆ ಅದರ ಒರಟು ನಕಲನ್ನು ಮುಂದಿನ ಪ್ಯಾಕೆಟ್ಟಿನಲ್ಲಿ ಹೊತ್ತು ತರುವ ವ್ಯವಸ್ಥೆ ಇದೆ. ಎಫ್‌ಇಸಿ ಅಂತ ಆನ್ ಮಾಡಬೇಕು.

ವಾಟ್ಸಾಪ್‌ನಲ್ಲಿ ಕೋಡೆಕ್ ಮುಟ್ಟಲು ಬರುವುದಿಲ್ಲ. ಸೆಟ್ಟಿಂಗ್‌ನಲ್ಲಿ ಸ್ಟೋರೇಜ್ ಮತ್ತು ಡೇಟಾ ಒಳಗೆ "ಕಾಲ್‌ಗೆ ಕಡಿಮೆ ಡೇಟಾ ಬಳಸು" ಅನ್ನುವ ಅರ್ಥದ ಒಂದು ಸ್ವಿಚ್ ಇದೆ, ಅದನ್ನು ಹಾಕಿಕೊಳ್ಳಿ.

ರಾತ್ರಿಪಾಳಿ:
ಜಿ.729 ಹಾಕುವವರಿಗೆ ಒಂದು ಎಚ್ಚರಿಕೆ. "ಇಂಗ್ಲಿಷಿಗೆ ಒಂದು ಒತ್ತಿ, ಅಧಿಕಾರಿಯ ಜೊತೆ ಮಾತಾಡಲು ಒಂಬತ್ತು ಒತ್ತಿ" ಅಂತ ಬರುತ್ತದಲ್ಲ, ಆ ಬಟನ್ ಸದ್ದನ್ನು ಈ ಕೋಡೆಕ್ ಹಾಳು ಮಾಡಿಬಿಡುತ್ತದೆ. ಮಾತಿಗೆ ಅಂತ ಮಾಡಿದ್ದು, ಟೋನ್‌ಗಲ್ಲ. ಒತ್ತಿ ಒತ್ತಿ ಬೆರಳು ನೋಯುತ್ತದೆ, ಆ ಕಡೆಯ ಯಂತ್ರಕ್ಕೆ ಏನೂ ಗೊತ್ತಾಗುವುದಿಲ್ಲ. ಅಡಾಪ್ಟರಿನಲ್ಲಿ ಡಿಟಿಎಂಎಫ್ ಅನ್ನುವ ಕಡೆ ಇನ್‌ಬ್ಯಾಂಡ್ ಇದ್ದರೆ ತೆಗೆದು ಆರ್‌ಎಫ್‌ಸಿ 2833 ಅಥವಾ 4733 ಅಂತ ಮಾಡಿ. ಆಗ ಒತ್ತಿದ ಅಂಕಿ ಸದ್ದಾಗಿ ಹೋಗದೆ ಬೇರೆ ಸಂದೇಶವಾಗಿ ಹೋಗುತ್ತದೆ. ಫ್ಯಾಕ್ಸ್ ಕಳಿಸುವವರು ಇನ್ನೂ ಇದ್ದರೆ ಜಿ.729 ಕಡೆ ತಲೆ ಹಾಕಬೇಡಿ.

ಅರ್ಧಮಾತು:
ನಮ್ಮ ರೂಟರಿಗೆ ಓಪನ್‌ಡಬ್ಲ್ಯುಆರ್‌ಟಿ ಬರುವುದಿಲ್ಲ. ಮನೆಯಲ್ಲಿ ಹಳೆಯದೊಂದು ಬಿದ್ದಿತ್ತು, ಅದಕ್ಕೆ ಬಂತು. ಕಂಪನಿಯ ಮೋಡೆಮನ್ನು ಬ್ರಿಡ್ಜ್ ಮೋಡ್‌ಗೆ (ಮೋಡೆಮ್ ಕೆಲಸ ಮಾತ್ರ ಮಾಡುವ ಹಾಗೆ) ಹಾಕಿ ಅದರ ಹಿಂದೆ ಇದನ್ನು ಇಟ್ಟೆ. ಕೇಕ್, ಎಟಿಎಂ, ಅಪ್‌ಲೋಡ್ 440. ಈಗ ಫೈಲ್ ಏರಿಸುತ್ತಾ ಪಿಂಗ್ ನೋಡಿದರೆ 38 ಇದ್ದದ್ದು 65, 70 ಆಗುತ್ತದೆ, ಅದಕ್ಕಿಂತ ಮೇಲೆ ಹೋಗುವುದು ಅಪರೂಪ. ಅಡಾಪ್ಟರ್ ಕಾಲ್ ಬೆಣ್ಣೆ! ಏರಿಸುವುದು ಸ್ವಲ್ಪ ನಿಧಾನ ಆಗಿರಬಹುದು, ಮನೆಯಲ್ಲಿ ಯಾರೂ ಕೇಳಲಿಲ್ಲ.

ಒಂದೇ ಪ್ರಶ್ನೆ. 38ಕ್ಕೇ ಯಾಕೆ ನಿಲ್ಲುವುದಿಲ್ಲ?

ಹಳೇತಂತಿ:
ನಿಮ್ಮ ಮಾತಿನ ಪ್ಯಾಕೆಟ್ ಬರುವ ಹೊತ್ತಿಗೆ ಒಂದು ದೊಡ್ಡ ಪ್ಯಾಕೆಟ್ ಆಗಲೇ ತಂತಿಗೆ ಇಳಿದಿದ್ದರೆ ಅದು ಪೂರ್ತಿ ಹೋಗುವ ತನಕ ಕಾಯಲೇಬೇಕು, ಮಧ್ಯೆ ಕತ್ತರಿಸಲು ಬರುವುದಿಲ್ಲ. 1500 ಬೈಟಿನ ಪ್ಯಾಕೆಟ್ 512 ಕೆಬಿಪಿಎಸ್‌ನಲ್ಲಿ ಸಾಗಲು 23 ಮಿಲಿಸೆಕೆಂಡ್ ಬೇಕು. 256 ಆದರೆ 47. 128 ಆದರೆ 94. ಅಷ್ಟು ನಿಧಾನದ ಲೈನ್ ಇದ್ದವರು ಎಂಟಿಯು (ಪ್ಯಾಕೆಟ್ಟಿನ ಗರಿಷ್ಠ ಗಾತ್ರ) ಕಡಿಮೆ ಮಾಡಿ ಪ್ಯಾಕೆಟನ್ನೇ ಚಿಕ್ಕದು ಮಾಡಿಕೊಳ್ಳುತ್ತಿದ್ದರು. ನಿಮಗೆ ಬೇಕಿಲ್ಲ.

ಮಾತು ಒಂದು ಕಡೆಯಿಂದ ಇನ್ನೊಂದು ಕಡೆಗೆ ತಲುಪಲು 150 ಮಿಲಿಸೆಕೆಂಡ್ ಒಳಗಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಅನ್ನುವುದು ಅಂತರರಾಷ್ಟ್ರೀಯ ದೂರಸಂಪರ್ಕ ಸಂಸ್ಥೆ ಐಟಿಯುನ ಜಿ.114 ಶಿಫಾರಸು ಹೇಳುವ ಲೆಕ್ಕ. 400 ದಾಟಿದರೆ ಮಾತು ಮಾತಿಗೆ ಡಿಕ್ಕಿ ಹೊಡೆಯುತ್ತದೆ, "ನೀವು ಹೇಳಿ, ಇಲ್ಲ ನೀವೇ ಹೇಳಿ" ಶುರುವಾಗುತ್ತದೆ. ಪಿಂಗ್ ಹೋಗಿ ಬರುವ ಎರಡೂ ದಾರಿಯ ಲೆಕ್ಕ. ನಿಮ್ಮ 70 ಏನೂ ಅಲ್ಲ.

ಬೇಗಹೇಳು:
ಸರಿ, ಒಪ್ಪಿದೆ. ಪ್ಲಾನ್ ಬದಲಿಸದೆ ಇಷ್ಟಾಗುತ್ತದೆ ಅಂದರೆ ಒಳ್ಳೆಯದೇ. ಆದರೂ ಹೇಳುತ್ತೇನೆ, ಎಲ್ಲರಿಗೂ ಹಳೇ ರೂಟರಿಗೆ ಹೊಸ ಸಾಫ್ಟ್‌ವೇರ್ ಹಾಕುವ ತಾಳ್ಮೆ ಇರಲ್ಲ. ಅಂಥವರು ಅಪ್‌ಲೋಡ್ ಎಷ್ಟು ಅಂತ ಕೇಳಿ ಕನೆಕ್ಷನ್ ತಗೊಳ್ಳಲಿ. ಎಲ್ಲ ಕಡೆ ದಪ್ಪ ಅಕ್ಷರದಲ್ಲಿ ಬರೆಯುವುದು ಡೌನ್‌ಲೋಡ್ ಮಾತ್ರ.

ಹೊಸಹೆಜ್ಜೆ:
ವೇಗ ತುಂಬಿದ ಮೇಲೆ ನಮ್ಮದೂ ಸರಿಯಾಯಿತು, ಥ್ಯಾಂಕ್ಸ್. ಆದರೆ ಇನ್ನೊಂದು ಕಾಟ ಇದೆ. ಅಡಾಪ್ಟರಿನಿಂದ ಕಾಲ್ ಮಾಡಿದರೆ ಮಾತು ಚೆನ್ನಾಗೇ ಇರುತ್ತದೆ, ಅರ್ಧ ನಿಮಿಷಕ್ಕೆ ತಾನಾಗೇ ಕಟ್. ಪ್ರತಿ ಸಲವೂ ಹೆಚ್ಚುಕಡಿಮೆ ಅಷ್ಟೇ ಹೊತ್ತಿಗೆ. ಇದೂ ಸಾಲಿನ ತೊಂದರೆಯಾ?

ರಾತ್ರಿಪಾಳಿ:
ಅಲ್ಲ. ಸರಿಯಾಗಿ 32 ಸೆಕೆಂಡಿಗೆ ಕಟ್ ಆಗುತ್ತಿದೆಯಾ ನೋಡಿ. ಎಸ್‌ಐಪಿಯಲ್ಲಿ (ಇಂಟರ್ನೆಟ್ ಕಾಲ್ ಜೋಡಿಸುವ ಪದ್ಧತಿ) ಕಾಲ್ ಎತ್ತಿದ ಮೇಲೆ ಈ ಕಡೆಯಿಂದ "ಗೊತ್ತಾಯಿತು" ಅನ್ನುವ ಒಂದು ಉತ್ತರ ಹೋಗಬೇಕು. ಅದು ತಲುಪದಿದ್ದರೆ ಆ ಕಡೆಯ ಸರ್ವರ್ ಮತ್ತೆ ಮತ್ತೆ ಕೇಳಿ 32 ಸೆಕೆಂಡಿಗೆ ಕೈಬಿಡುತ್ತದೆ. ಅರ್ಧ ಸೆಕೆಂಡಿನ 64 ಪಟ್ಟು, ಹಾಗೆ ಬರುವುದು ಆ ಅಂಕಿ.

ಉತ್ತರ ಯಾಕೆ ತಲುಪಲಿಲ್ಲ ಅಂದರೆ ಹೆಚ್ಚಿನ ಸಲ ಕಾರಣ ರೂಟರಿನ ಎಸ್‌ಐಪಿ ಎಎಲ್‌ಜಿ. ಸಹಾಯ ಮಾಡುತ್ತೇನೆ ಅಂತ ಎಸ್‌ಐಪಿ ಸಂದೇಶದ ಒಳಗೆ ಕೈ ಹಾಕಿ ವಿಳಾಸ ತಿದ್ದುತ್ತದೆ, ಅರ್ಧಂಬರ್ಧ ತಿದ್ದಿ ಕೆಡಿಸುತ್ತದೆ. ಆಫ್ ಮಾಡಿ. ಒಂದು ಕಡೆಯ ಮಾತು ಮಾತ್ರ ಕೇಳುವುದು, ಇನ್ನೊಂದು ಕಡೆ ಪೂರ್ತಿ ಮೌನ, ಅದೂ ಬಹಳ ಸಲ ಇದರದ್ದೇ ಕೆಲಸ. ತುಂಡು ತುಂಡಾದರೆ ಸಾಲು, ಪೂರ್ತಿ ಮೌನವಾದರೆ ವಿಳಾಸ.

ನಾವು ಮಾಡುವ ಕಾಲ್ ಹೋಗುತ್ತದೆ, ಬರುವ ಕಾಲ್ ಮಾತ್ರ ರಿಂಗೇ ಆಗುವುದಿಲ್ಲ ಅನ್ನುವವರು ಅಡಾಪ್ಟರಿನಲ್ಲಿ ಕೀಪ್ ಅಲೈವ್ ಆನ್ ಮಾಡಿ 20 ಸೆಕೆಂಡ್ ಹಾಕಿ. ಸ್ವಲ್ಪ ಹೊತ್ತು ಯಾವ ಮಾತುಕತೆಯೂ ಇಲ್ಲದಿದ್ದರೆ ರೂಟರ್ ಆ ದಾರಿಯನ್ನೇ ಮರೆತುಬಿಡುತ್ತದೆ.

ಹೊಸಹೆಜ್ಜೆ:
ಎಎಲ್‌ಜಿ ಆಫ್ ಮಾಡಿದೆ, ಕಟ್ ಆಗುವುದು ನಿಂತಿತು. ಆ ಆಯ್ಕೆ ಫೈರ್‌ವಾಲ್ ಪುಟದಲ್ಲಿ ಎಲ್ಲೋ ಮೂಲೆಯಲ್ಲಿತ್ತು, ಮೊದಲಿಂದಲೇ ಟಿಕ್ ಹಾಕಿ ಕೊಟ್ಟಿದ್ದಾರೆ.

ಅರ್ಧಮಾತು:
ಇನ್ನೊಂದು ಸಂಗತಿ. ಅಡಾಪ್ಟರ್ ಕಾಲ್ ಚೆನ್ನಾಗಿದೆ ಅಂದೆ. ವಾಟ್ಸಾಪ್ ಮಾತ್ರ ಒಳಗಿನ ಕೋಣೆಯಲ್ಲಿ ಈಗಲೂ ಒಮ್ಮೊಮ್ಮೆ ಒಡೆಯುತ್ತದೆ. ಹಾಲ್‌ನಲ್ಲಿ ಕೂತು ಮಾತಾಡಿದರೆ ಏನಿಲ್ಲ.

ಇಂಪುಕಿವಿ:
ಅದು ವೈಫೈ. ತಂತಿಗೂ ಅದಕ್ಕೂ ಸಂಬಂಧ ಇಲ್ಲ. ಗೋಡೆ ದಾಟಿ ಹೋಗುವಾಗ ಪ್ಯಾಕೆಟ್ ಕೆಟ್ಟರೆ ವೈಫೈ ಮತ್ತೆ ಮತ್ತೆ ಕಳಿಸುತ್ತದೆ, ಅಷ್ಟರಲ್ಲಿ ತಡ. ಒಂದು ಪ್ಯಾಕೆಟ್ 5ಕ್ಕೆ ಬಂತು, ಇನ್ನೊಂದು 90ಕ್ಕೆ. ಈ ಏರುಪೇರೇ ಜಿಟರ್. ಫೋನ್ ಒಳಗೆ ಜಿಟರ್ ಬಫರ್ ಅಂತ ಒಂದಿದೆ, ಬಂದ ಮಾತನ್ನು ಸ್ವಲ್ಪ ಹೊತ್ತು ಹಿಡಿದಿಟ್ಟು ಸಮವಾಗಿ ಬಿಡುತ್ತದೆ. ಏರುಪೇರು ಅದರ ಮಿತಿ ದಾಟಿದರೆ ಮಾತು ಒಡೆಯುತ್ತದೆ. ಫೋನಿನಿಂದ ರೂಟರಿಗೇ ಪಿಂಗ್ ಮಾಡಿ ನೋಡಿ, 192.168 ಅಂತ ಶುರುವಾಗುವ ವಿಳಾಸ. ಅಲ್ಲೇ ಅಂಕಿ ಕುಣಿಯುತ್ತಿದ್ದರೆ ಆಚೆಗೆ ಹುಡುಕುವುದು ದಂಡ.

2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಮೂರೇ: 1, 6, 11. ಅಕ್ಕಪಕ್ಕದವರು ಯಾವುದರಲ್ಲಿದ್ದಾರೆ ನೋಡಿ ಬೇರೆಯದಕ್ಕೆ ಹೋಗಿ. ಮೈಕ್ರೋವೇವ್ ಓವನ್ ಓಡುವಾಗಲೂ ಇದೇ ಬ್ಯಾಂಡ್ ಕೆಡುತ್ತದೆ. 5 ಗಿಗಾಹರ್ಟ್ಸ್ ಖಾಲಿ ಇರುತ್ತದೆ, ಆದರೆ ಗೋಡೆ ದಾಟುವುದರಲ್ಲಿ ಸೋಮಾರಿ. ಎಲ್ಲಕ್ಕಿಂತ ಒಳ್ಳೆಯದು ಒಂದು ಉದ್ದದ ಕೇಬಲ್ ಎಳೆದು ಆ ಕೋಣೆಯಲ್ಲಿ ಇನ್ನೊಂದು ಆ್ಯಕ್ಸೆಸ್ ಪಾಯಿಂಟ್ ಇಡುವುದು.

ಗಂಟೆನಾದ:
ಎಕೋ ಬಗ್ಗೆ ಯಾರೂ ಹೇಳಲಿಲ್ಲ. ನನ್ನ ಮಾತು ನನಗೇ ಅರ್ಧ ಸೆಕೆಂಡ್ ಬಿಟ್ಟು ವಾಪಸ್ ಕೇಳುತ್ತದೆ. ಹೆಡ್‌ಸೆಟ್ ಹಾಕಿದೆ, ಮೈಕ್ ಬದಲಿಸಿದೆ, ಹೋಗಲೇ ಇಲ್ಲ.

ಇಂಪುಕಿವಿ:
ನಿಮ್ಮ ಮಾತು ನಿಮಗೇ ಕೇಳಿದರೆ ತೊಂದರೆ ಆ ಕಡೆಯವರ ಹತ್ತಿರ ಇದೆ. ಅವರು ಸ್ಪೀಕರ್ ಹಾಕಿಕೊಂಡು ಮಾತಾಡುತ್ತಿದ್ದಾರೆ, ನಿಮ್ಮ ದನಿ ಅವರ ಸ್ಪೀಕರಿನಿಂದ ಅವರ ಮೈಕಿಗೆ ಹೋಗಿ ನಿಮಗೆ ವಾಪಸ್ ಬರುತ್ತಿದೆ. ಹೆಡ್‌ಸೆಟ್ ಅವರು ಹಾಕಬೇಕು. ಕಷ್ಟ ಏನಂದರೆ ಅವರಿಗೆ ಎಲ್ಲ ಚೆನ್ನಾಗೇ ಕೇಳುತ್ತಿರುತ್ತದೆ, ಹೇಳಿದರೂ ನಂಬುವುದಿಲ್ಲ. ತಡ ಕಡಿಮೆ ಇದ್ದರೆ ಎಕೋ ಇದ್ದರೂ ಕಿವಿಗೆ ಗೊತ್ತಾಗುವುದಿಲ್ಲ, ತಡ ಜಾಸ್ತಿ ಆದಷ್ಟೂ ಕಾಟ ಜಾಸ್ತಿ.

ಗಂಟೆನಾದ:
ಅದೇ! ಅಣ್ಣ ಯಾವಾಗಲೂ ಸ್ಪೀಕರ್ ಹಾಕಿ ಫೋನ್ ಮೇಜಿನ ಮೇಲಿಟ್ಟು ಮಾತಾಡುವುದು. ಹೇಳಿ ನೋಡುತ್ತೇನೆ.

ಹಳೇತಂತಿ:
ಡಿಎಸ್‌ಎಲ್‌ನವರಿಗೆ ಇನ್ನೊಂದು ಮಾತು. ಮನೆಯಲ್ಲಿ ಮಾಮೂಲಿ ಲ್ಯಾಂಡ್‌ಲೈನ್ ಕೂಡ ಅದೇ ತಂತಿಯಲ್ಲಿದ್ದರೆ ಪ್ರತಿ ಫೋನಿನ ಮುಂದೆ ಫಿಲ್ಟರ್ ಇರಬೇಕು. ಒಂದು ಕಡೆ ಬಿಟ್ಟರೂ ಫೋನ್ ರಿಂಗ್ ಆದಾಗ ಲೈನ್ ಬಿದ್ದು ಏಳುತ್ತದೆ. ಮೋಡೆಮಿನ ಪುಟದಲ್ಲಿ ಎಸ್‌ಎನ್‌ಆರ್ ಮಾರ್ಜಿನ್ (ಗದ್ದಲವನ್ನು ಮೀರಿ ಸಿಗ್ನಲ್‌ಗೆ ಉಳಿದಿರುವ ಅಂತರ) ನೋಡಿ. 6 ಡೆಸಿಬೆಲ್‌ಗಿಂತ ಕೆಳಗೆ ಇಳಿಯುತ್ತಿದ್ದರೆ, ಸಿಆರ್‌ಸಿ ಎರರ್ (ಕೆಟ್ಟು ಬಂದ ಡೇಟಾ) ಅನ್ನುವ ಅಂಕಿ ನೋಡನೋಡುತ್ತಿದ್ದಂತೆ ಏರುತ್ತಿದ್ದರೆ, ತಂತಿಯಲ್ಲೇ ದೋಷ. ಕಂಬದ ಹತ್ತಿರದ ಜಾಯಿಂಟಿನಲ್ಲಿ ಹಸಿರು ಹಿಡಿದಿರುತ್ತದೆ. ಅದಕ್ಕೆ ಕೇಕ್ ಹಾಕಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಲೈನ್‌ಮನ್ ಬರಬೇಕು.

ಮತ್ತೆ, ಕರೆಂಟ್ ಹೋದರೆ ಅಡಾಪ್ಟರ್ ಸತ್ತ ಹಾಗೆ. ಹಳೇ ಲ್ಯಾಂಡ್‌ಲೈನಿಗೆ ಎಕ್ಸ್‌ಚೇಂಜಿನಿಂದಲೇ ಕರೆಂಟ್ ಬರುತ್ತಿತ್ತು, ಇದಕ್ಕೆ ಬರುವುದಿಲ್ಲ. ಮೋಡೆಮ್, ರೂಟರ್, ಅಡಾಪ್ಟರ್ ಮೂರನ್ನೂ ಒಂದು ಚಿಕ್ಕ ಯುಪಿಎಸ್‌ಗೆ ಹಾಕಿ. ಮನೆಯಲ್ಲಿ ವಯಸ್ಸಾದವರಿದ್ದರೆ ಇದನ್ನು ಮರೆಯಲೇಬೇಡಿ, ಆಂಬುಲೆನ್ಸ್‌ಗೆ ಫೋನ್ ಮಾಡುವ ಹೊತ್ತಿನಲ್ಲಿ ಡಯಲ್ ಟೋನ್ ಇಲ್ಲ ಅಂದರೆ ಕಷ್ಟ.

ಅರ್ಧಮಾತು:
ಯುಪಿಎಸ್ ಇರಲಿಲ್ಲ, ತರಿಸುತ್ತೇನೆ. ವೈಫೈಗೆ ಚಾನೆಲ್ 11ಕ್ಕೆ ಹಾಕಿದ ಮೇಲೆ ಒಳಗಿನ ಕೋಣೆಯೂ ಪರವಾಗಿಲ್ಲ.

ಈಗ ಉಳಿದಿರುವುದು ಒಂದೇ. ಹಗಲೆಲ್ಲ ಚೆನ್ನಾಗಿರುತ್ತದೆ, ರಾತ್ರಿ ಒಂಬತ್ತರ ಸುಮಾರಿಗೆ ಆ ಕಡೆಯವರ ಮಾತು ನನಗೆ ಒಡೆಯುತ್ತದೆ. ನನ್ನ ಮಾತು ಅವರಿಗೆ ಸರಿಯಾಗಿದೆ, ಅಂದರೆ ಮೊದಲಿನದ್ದಕ್ಕೆ ಉಲ್ಟಾ. ಮನೆಯಲ್ಲಿ ಯಾರೂ ಏನೂ ಬಳಸದಿದ್ದರೂ ಪಿಂಗ್ 38ರಿಂದ 150, 200 ಆಗುತ್ತದೆ.

ಹಳೇತಂತಿ:
ಅದು ನಿಮ್ಮ ಮನೆಯದ್ದಲ್ಲ. ಆ ಹೊತ್ತಿಗೆ ಎಲ್ಲರೂ ವಿಡಿಯೋ ನೋಡುತ್ತಾರೆ, ಕಂಪನಿಯ ಕಡೆಯ ಲಿಂಕ್ ತುಂಬಿರುತ್ತದೆ. ಅಲ್ಲಿನ ಸಾಲನ್ನು ನಿಮ್ಮ ರೂಟರ್ ಏನೂ ಮಾಡಲಾಗದು. ಟ್ರೇಸ್‌ರೂಟ್ (ಪ್ಯಾಕೆಟ್ ಹೋಗುವ ದಾರಿಯ ವಿಳಾಸಗಳನ್ನು ತೋರಿಸುವ ಕಮಾಂಡ್) ಓಡಿಸಿ, ನಿಮ್ಮ ರೂಟರ್ ಆದ ಮೇಲೆ ಬರುವ ಮೊದಲ ವಿಳಾಸ ಕಂಪನಿಯದ್ದು. ಅದಕ್ಕೇ ಪಿಂಗ್ ಹಾಕಿ, ಮಧ್ಯಾಹ್ನದ್ದೂ ರಾತ್ರಿಯದ್ದೂ ಫೈಲಿಗೆ ಉಳಿಸಿ. ಮನೆಯ ಉಳಿದೆಲ್ಲ ಸಾಧನ ತೆಗೆದು, ಕೇಬಲ್‌ನಲ್ಲಿ ಮಾಡಿದ್ದು ಅಂತ ಬರೆದು ಲಿಖಿತವಾಗಿ ದೂರು ಕೊಡಿ. "ಕಾಲ್ ಸರಿ ಇಲ್ಲ" ಅಂದರೆ ಮತ್ತೆ ಸ್ಪೀಡ್ ಟೆಸ್ಟ್ ಮಾಡಿಸುತ್ತಾರೆ. "ನಿಮ್ಮ ಮೊದಲ ಹಾಪ್‌ಗೆ ಮಧ್ಯಾಹ್ನ ಇಷ್ಟು, ರಾತ್ರಿ ಇಷ್ಟು" ಅಂದರೆ ಮೇಲಿನವರಿಗೆ ದಾಟಿಸಲೇಬೇಕಾಗುತ್ತದೆ. ಅಲ್ಲಿಯ ತನಕ ಮುಖ್ಯವಾದ ಕಾಲ್ ಎಂಟರ ಒಳಗೆ ಮುಗಿಸಿಕೊಳ್ಳಿ.

ಅರ್ಧಮಾತು:
ಸರಿ, ಲಾಗ್ ಶುರು ಮಾಡಿದ್ದೇನೆ. ಫೈಲ್ ಸಿಕ್ಕ ಮೇಲೆ ದೂರು ಕೊಟ್ಟು ಏನಂತಾರೆ ಅಂತ ಹಾಕುತ್ತೇನೆ.

ಬೇಗಹೇಳು:
ದೂರಿಗೆ ಫೋನ್ ಮಾಡುವುದಾದರೆ ರಾತ್ರಿ ಒಂಬತ್ತಕ್ಕೇ ಮಾಡಿ, ಅದೇ ಅಡಾಪ್ಟರಿನಿಂದ. ಅವರಿಗೂ ಕೇಳಿಸಲಿ.

ಹಳೇತಂತಿ:
ಅವರಿಗೆ ಚೆನ್ನಾಗೇ ಕೇಳಿಸುತ್ತದೆ. ಒಡೆಯುವುದು ಇವರ ಕಿವಿಗೆ.